ಉಡುಪಿನ ಬಣ್ಣ, ಬಣ್ಣದ ಹೆಸರು: ಹೊರನಾಡಿನ ಪಯಣಿಗರ ನೆಲೆಯಿಂದ ಒಂದು ವಿವೇಚನೆ

೧. ಪ್ರಸ್ತಾವನೆ

ಉಡುಪು ಮೈ ಮುಚ್ಚುವ ವಸ್ತು ಮಾತ್ರವಲ್ಲ. ಅದು ಉಟ್ಟವರ ಕಸುಬು, ಧರ್ಮ, ಸಮುದಾಯ, ಪಕ್ಷ, ಪ್ರದೇಶಗಳನ್ನು ನೋಡುವವರಿಗೆ ತಿಳಿಸುವ ಸಂಕೇತವೂ ಹೌದು. ಈ ಸಂಕೇತದಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಬಣ್ಣ. ಒಬ್ಬ ವ್ಯಕ್ತಿ ತನ್ನ ಊರಿನಲ್ಲಿರುವವರೆಗೆ ಈ ಸಂಕೇತದ ಅರ್ಥವನ್ನು ಯಾರೂ ಅವನಿಗೆ ಕಲಿಸಬೇಕಾಗಿಲ್ಲ. ಮದುವೆಗೆ ಯಾವ ಬಣ್ಣ, ಸಾವಿನ ಮನೆಗೆ ಯಾವ ಬಣ್ಣ, ಮೆರವಣಿಗೆಯಲ್ಲಿ ಯಾವ ಬಣ್ಣದ ಶಾಲು ಎಂಬುದು ಅವನಿಗೆ ಬಾಲ್ಯದಿಂದಲೇ ತಿಳಿದಿರುತ್ತದೆ. ಊರು ಬಿಟ್ಟಾಗ ಈ ತಿಳಿವಳಿಕೆ ಕೆಲಸಕ್ಕೆ ಬಾರದು. ಕೆಲವೊಮ್ಮೆ ಅದೇ ದಾರಿ ತಪ್ಪಿಸುತ್ತದೆ.

ಬೆಂಗಳೂರಿನ ಹೊರವಲಯ ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕ ನೆಲೆ. ೧೯೭೦ರ ದಶಕದಲ್ಲಿ ಬೆಳೆದ ಪೀಣ್ಯ ಕೈಗಾರಿಕಾ ಪ್ರದೇಶ, ಅದೇ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯ ಮೂಲಕ ರೂಪುಗೊಂಡ ಎಲೆಕ್ಟ್ರಾನಿಕ್ ಸಿಟಿ, ೧೯೯೦ರ ದಶಕದಲ್ಲಿ ಸಿಂಗಪುರದ ಸಹಭಾಗಿತ್ವದ ತಂತ್ರಜ್ಞಾನ ಪಾರ್ಕಿನಿಂದ ಬದಲಾದ ವೈಟ್‌ಫೀಲ್ಡ್ – ಈ ಮೂರೂ ಕಡೆಗಳಿಂದ ಕೆಲಸದ ನಿಮಿತ್ತ ಹೊರದೇಶಗಳಿಗೆ ಹೋಗಿಬರುವವರು ಅಸಂಖ್ಯರು. ಇದೇ ಪ್ರದೇಶಗಳಿಗೆ ಹೊರ ರಾಜ್ಯ, ಹೊರ ದೇಶಗಳಿಂದ ಬಂದು ನೆಲೆಸಿದವರೂ ಅಷ್ಟೇ ಮಂದಿ. ಪ್ರಸ್ತುತ ಲೇಖನವು ಉಡುಪಿನ ಬಣ್ಣಕ್ಕೆ ರಾಜಕೀಯ ಹಾಗೂ ಸಾಂಸ್ಕೃತಿಕ ಅರ್ಥ ಹೇಗೆ ಒದಗುತ್ತದೆ ಎಂಬುದನ್ನು ಈ ಎರಡೂ ದಿಕ್ಕಿನ ಪಯಣಿಗರನ್ನು ಮುಂದಿಟ್ಟುಕೊಂಡು ವಿವರಿಸುವ ಪ್ರಯತ್ನ. ಬಣ್ಣದ ಅರ್ಥ ಬಣ್ಣದಲ್ಲಿ ಇರದೆ, ಒಂದು ಸಮುದಾಯ ಅದಕ್ಕೆ ಕೊಟ್ಟ ಹೆಸರಿನಲ್ಲಿ ಮತ್ತು ಆ ಹೆಸರಿನೊಡನೆ ಬೆಳೆದ ಚರಿತ್ರೆಯಲ್ಲಿ ಇರುತ್ತದೆ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

೨. ಒಂದು ಬಣ್ಣ, ಹಲವು ಹೆಸರು

ಬರ್ಲಿನ್ ಮತ್ತು ಕೇ ಎಂಬ ಅಮೆರಿಕದ ವಿದ್ವಾಂಸರು ೧೯೬೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷೆಗಳು ಮೂಲ ಬಣ್ಣವಾಚಕಗಳನ್ನು ಒಂದು ಕ್ರಮದಲ್ಲಿ ಪಡೆಯುತ್ತವೆ ಎಂದು ವಾದಿಸಿದರು. ಕಪ್ಪು–ಬಿಳುಪು ಮೊದಲು, ಅನಂತರ ಕೆಂಪು, ಆಮೇಲೆ ಹಸಿರು ಅಥವಾ ಹಳದಿ ಎಂಬುದು ಆ ಕ್ರಮ. ಈ ವಾದಕ್ಕೆ ಮುಂದೆ ಹಲವು ತಿದ್ದುಪಡಿಗಳು ಬಂದಿವೆ. ಕನ್ನಡದ ಮಟ್ಟಿಗೆ ಹೇಳುವುದಾದರೆ ಕರಿ, ಬಿಳಿ, ಕೆಂಪು, ಹಸಿರು ಇವು ದೇಶ್ಯ ಮೂಲದ ಮಾತುಗಳು. ನೀಲಿ ಸಂಸ್ಕೃತದಿಂದ ಬಂದದ್ದು. ಅರಿಶಿನ, ಕುಂಕುಮ, ಕೇಸರಿ, ಕಿತ್ತಳೆ, ಕಾವಿ ಮೊದಲಾದವು ವಸ್ತುಗಳ ಹೆಸರುಗಳೇ ಬಣ್ಣಕ್ಕೆ ಸಂದಂಥವು.

ವಸ್ತುವಿನ ಹೆಸರು ಬಣ್ಣದ ಹೆಸರಾದಾಗ ಆ ವಸ್ತುವಿನ ಬಳಕೆಯೂ ಅದರೊಡನೆ ಬರುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಕಾವಿ, ಕೇಸರಿ, ಕಿತ್ತಳೆ ಎಂಬ ಮೂರು ಮಾತುಗಳನ್ನು ನೋಡಬಹುದು. ಬಣ್ಣದ ಪಟ್ಟಿಯಲ್ಲಿ ಇವು ಒಂದರ ಪಕ್ಕ ಒಂದು ಇರುವಂಥವು; ಒಗೆದು ಮಾಸಿದ ಬಟ್ಟೆಯಲ್ಲಿ ಅವುಗಳ ವ್ಯತ್ಯಾಸ ಗುರುತಿಸುವುದೇ ಕಷ್ಟ. ಆದರೂ ಕಾವಿ ಎಂದೊಡನೆ ವಿರಕ್ತಿ ನೆನಪಾಗುತ್ತದೆ, ಕೇಸರಿ ಎಂದೊಡನೆ ಶೌರ್ಯ ಮತ್ತು ಇಂದಿನ ಪಕ್ಷ ರಾಜಕಾರಣ ನೆನಪಾಗುತ್ತವೆ, ಕಿತ್ತಳೆ ಎಂದರೆ ಹಣ್ಣಿನ ಹೊರತು ಬೇರೇನೂ ನೆನಪಾಗುವುದಿಲ್ಲ. ಅಂಗಡಿಯಲ್ಲಿ ಕಿತ್ತಳೆ ಬಣ್ಣದ ಅಂಗಿ ಕೊಳ್ಳುವವನು ಯಾವ ಅರ್ಥವನ್ನೂ ಕೊಳ್ಳುತ್ತಿಲ್ಲ ಎಂದೇ ತಿಳಿದಿರುತ್ತಾನೆ.

ಒಂದೇ ಹೆಸರಿನ ಬಣ್ಣಕ್ಕೂ ನಮ್ಮ ನಾಡಿನೊಳಗೆ ಒಂದೇ ಅರ್ಥವಿಲ್ಲ. ಕಪ್ಪು ಅಶುಭವೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಮುತ್ತೈದೆಯ ಕೊರಳಿನ ಕರಿಮಣಿ ಶುಭದ ಗುರುತು. ಕೊಡವರಲ್ಲಿ ಕಪ್ಪು ಕುಪ್ಯ ಸಂಭ್ರಮದ ಉಡುಪು, ಮದುಮಗ ತೊಡುವುದು ಬಿಳಿಯ ಕುಪ್ಯ. ಶಬರಿಮಲೆಯ ಮಾಲೆ ಧರಿಸಿದವರಿಗೆ ಕಪ್ಪು ವ್ರತದ ಬಣ್ಣ. ಕೆಂಪು ಮದುವಣಗಿತ್ತಿಯ ಬಣ್ಣ. ಆದರೆ ಹಿಂದಿನ ತಲೆಮಾರಿನ ಬ್ರಾಹ್ಮಣ ಮನೆಗಳಲ್ಲಿ ತಲೆ ಬೋಳಿಸಿಕೊಂಡ ವಿಧವೆಗೆ ಉಡಲು ಕೊಡುತ್ತಿದ್ದುದೂ ಕೆಂಪು ಸೀರೆಯನ್ನೇ. ಉತ್ತರ ಕರ್ನಾಟಕದ ಕುಬಸದ ಕಾರ್ಯದಲ್ಲಿ ಬಸುರಿ ಹೆಣ್ಣಿಗೆ ಹಸಿರು ಸೀರೆ, ಹಸಿರು ಬಳೆ. ಹೀಗೆ ಬಣ್ಣದ ಅರ್ಥ ನಾಡಿನೊಳಗೇ ಸಮುದಾಯದಿಂದ ಸಮುದಾಯಕ್ಕೆ ಬದಲಾಗುತ್ತದೆ. ಆದರೂ ನಮಗೆ ಗೊಂದಲವಾಗದಿರುವುದಕ್ಕೆ ಕಾರಣವೆಂದರೆ, ಯಾವ ಸಂದರ್ಭದಲ್ಲಿ ಯಾವ ಅರ್ಥ ಎಂಬುದು ನಮಗೆ ಗೊತ್ತಿರುವುದು. ಹೊರನಾಡಿಗೆ ಹೋದ ಪಯಣಿಗನ ಕಣ್ಣು ಅವನ ಜೊತೆಗೆ ಹೋಗುತ್ತದೆ. ಆ ನಾಡು ತನ್ನ ಬಣ್ಣಗಳಿಗೆ ಕೊಟ್ಟ ಹೆಸರು ಮಾತ್ರ ಅವನಿಗೆ ಸಿಗುವುದಿಲ್ಲ.

೩. ಹೊರನಾಡಿನ ಬಣ್ಣಗಳು

ಬೆಂಗಳೂರಿನಿಂದ ಹೆಚ್ಚು ಜನ ಪ್ರವಾಸ ಹೋಗುವ ದೇಶಗಳಲ್ಲಿ ಥಾಯ್ಲೆಂಡ್ ಒಂದು. ಅಲ್ಲಿ ವಾರದ ಒಂದೊಂದು ದಿನಕ್ಕೂ ಒಂದೊಂದು ಬಣ್ಣವಿದೆ: ಭಾನುವಾರ ಕೆಂಪು, ಸೋಮವಾರ ಹಳದಿ, ಮಂಗಳವಾರ ನಸುಗೆಂಪು, ಬುಧವಾರ ಹಸಿರು, ಗುರುವಾರ ಕಿತ್ತಳೆ, ಶುಕ್ರವಾರ ತಿಳಿನೀಲಿ, ಶನಿವಾರ ನೇರಳೆ. ಇದರ ಮೂಲ ಭಾರತದ ನವಗ್ರಹ ಕಲ್ಪನೆ. ನವರಾತ್ರಿಯ ಒಂಬತ್ತು ದಿನ ಒಂಬತ್ತು ಬಣ್ಣದ ಉಡುಪು ತೊಡುವ ರೂಢಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗಳಲ್ಲಿ ಈಗ ಬೇರೂರಿದೆ. ಈ ಶತಮಾನದ ಮೊದಲ ದಶಕದಲ್ಲಿ ಮುಂಬಯಿಯ ಮರಾಠಿ ಪತ್ರಿಕೆಗಳಿಂದ ಜನಪ್ರಿಯವಾದ ಆ ಪಟ್ಟಿಯೂ ವಾರವನ್ನು ಅನುಸರಿಸಿದ್ದೇ. ಅಲ್ಲಿ ಸೋಮವಾರಕ್ಕೆ ಚಂದ್ರನ ಬಿಳಿ, ಮಂಗಳವಾರಕ್ಕೆ ಕುಜನ ಕೆಂಪು. ಮೂಲ ಒಂದೇ ಆದರೂ ಫಲ ಬೇರೆಯಾಯಿತು. ಥಾಯ್ಲೆಂಡಿನ ದೊರೆ ಭೂಮಿಬೋಲ್ ಹುಟ್ಟಿದ್ದು ಸೋಮವಾರ. ಆದ್ದರಿಂದ ಹಳದಿ ರಾಜನಿಷ್ಠೆಯ ಬಣ್ಣವಾಯಿತು. ೨೦೦೬ರಿಂದೀಚೆಗೆ ಪ್ರಧಾನಿ ತಕ್ಸಿನ್ ಅವರ ವಿರೋಧಿಗಳು ಹಳದಿ ಅಂಗಿಯನ್ನೂ, ಬೆಂಬಲಿಗರು ಕೆಂಪು ಅಂಗಿಯನ್ನೂ ತೊಟ್ಟು ಬೀದಿಗಿಳಿದರು. ೨೦೦೮ರ ನವೆಂಬರ್ ಕೊನೆಯಲ್ಲಿ ಹಳದಿ ಅಂಗಿಯವರು ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣವನ್ನು ಸುಮಾರು ಒಂದು ವಾರ ವಶದಲ್ಲಿಟ್ಟುಕೊಂಡಾಗ ಲಕ್ಷಾಂತರ ಪ್ರಯಾಣಿಕರು ಸಿಕ್ಕಿಕೊಂಡರು. ೨೦೧೦ರಲ್ಲಿ ಕೆಂಪು ಅಂಗಿಯವರ ಹೋರಾಟವನ್ನು ಸೈನ್ಯ ಹತ್ತಿಕ್ಕಿದಾಗ ತೊಂಬತ್ತಕ್ಕೂ ಹೆಚ್ಚು ಜನ ಸತ್ತರು. ೨೦೧೬ರ ಅಕ್ಟೋಬರ್ ೧೩ರಂದು ದೊರೆ ತೀರಿಕೊಂಡ ಮೇಲೆ ಒಂದು ವರ್ಷ ಇಡೀ ದೇಶ ಕಪ್ಪುಡುಗೆಯಲ್ಲಿತ್ತು. ಕರಿಯ ಬಟ್ಟೆ ಸಾಲದೆ ಜನ ಇದ್ದ ಬಟ್ಟೆಗಳಿಗೇ ಬಣ್ಣ ಹಾಕಿಸಿಕೊಂಡರು. ಗಾಢ ಬಣ್ಣದ ಅಂಗಿ ತೊಟ್ಟ ಪ್ರವಾಸಿಗೆ ಆ ದಿನಗಳಲ್ಲಿ ಶಿಕ್ಷೆಯೇನೂ ಇರಲಿಲ್ಲ. ಆದರೆ ಅವನು ಸಾವಿನ ಮನೆಗೆ ಹಬ್ಬದ ಉಡುಪಿನಲ್ಲಿ ಹೋದವನಂತೆ ಕಾಣುತ್ತಿದ್ದ.

ಮಲೇಷ್ಯಾದಲ್ಲಿ ಹಳದಿ ಸುಲ್ತಾನರ ಮನೆತನದ ಬಣ್ಣ. ಚುನಾವಣೆಯ ಶುದ್ಧೀಕರಣಕ್ಕಾಗಿ ನಡೆದ, ‘ಶುಚಿ’ ಎಂಬ ಅರ್ಥದ ‘ಬೆರ್ಸಿಹ್’ ಚಳವಳಿ ಅದೇ ಹಳದಿಯನ್ನು ಪ್ರಜೆಗಳ ಬಣ್ಣವಾಗಿ ಮಾಡಿತು. ೨೦೧೫ರ ಆಗಸ್ಟ್‌ನಲ್ಲಿ ಸರ್ಕಾರ ಆ ಚಳವಳಿಯ ಹೆಸರಿದ್ದ ಹಳದಿ ಅಂಗಿಗಳನ್ನು ನಿಷೇಧಿಸಿತು. ಹಾಂಗ್‌ಕಾಂಗಿನಲ್ಲಿ ೨೦೧೯ರ ಜುಲೈ ೨೧ರ ರಾತ್ರಿ ಯುಯೆನ್ ಲಾಂಗ್ ರೈಲು ನಿಲ್ದಾಣದಲ್ಲಿ ಬಿಳಿ ಅಂಗಿಯ ಗುಂಪೊಂದು, ಕಪ್ಪು ಅಂಗಿ ತೊಟ್ಟು ಮೆರವಣಿಗೆಯಿಂದ ಹಿಂದಿರುಗುತ್ತಿದ್ದವರ ಮೇಲೆ ದೊಣ್ಣೆಗಳಿಂದ ಎರಗಿತು. ಚಳವಳಿಗೆ ಸಂಬಂಧವಿಲ್ಲದ ಪ್ರಯಾಣಿಕರೂ ಪೆಟ್ಟು ತಿಂದರು. ಸಿಂಗಪುರದ ಆಳುವ ಪಕ್ಷದವರು ಬಿಳಿ ಅಂಗಿ, ಬಿಳಿ ಷರಾಯಿಯಲ್ಲಿ ಕಾಣಿಸಿಕೊಳ್ಳುತ್ತಾರೆ. ನಮ್ಮಲ್ಲಿ ಖಾದಿಯ ಬಿಳಿ ಒಂದು ಪಕ್ಷದಿಂದ ಎಲ್ಲ ಪಕ್ಷಗಳ ರಾಜಕಾರಣಿಗಳಿಗೂ ಹರಡಿಕೊಂಡು ಪಕ್ಷದ ಗುರುತನ್ನೇ ಕಳೆದುಕೊಂಡಿದೆ. ಅಲ್ಲಿ ಅದು ಇನ್ನೂ ಒಂದೇ ಪಕ್ಷದ ಬಣ್ಣ.

ಯುರೋಪಿನಲ್ಲಿ ನಮ್ಮ ‘ಕಿತ್ತಳೆ’ಯ ಕಥೆ ಇನ್ನೂ ವಿಶಿಷ್ಟ. ನೆದರ್ಲೆಂಡ್ಸ್‌ನಲ್ಲಿ ಅದು ರಾಜಮನೆತನದ ಬಣ್ಣ, ಕ್ರೀಡಾಂಗಣದ ಸಂಭ್ರಮದ ಬಣ್ಣ. ಆ ಮನೆತನದ ‘ಆರೆಂಜ್’ ಎಂಬ ಹೆಸರು ಹಣ್ಣಿನಿಂದಲ್ಲ, ದಕ್ಷಿಣ ಫ್ರಾನ್ಸಿನ ಒಂದು ಊರಿನಿಂದ ಬಂದದ್ದು. ಅದೇ ಮನೆತನದ ವಿಲಿಯಂ ೧೬೯೦ರಲ್ಲಿ ಐರ್ಲೆಂಡಿನ ಬಾಯ್ನ್ ನದಿಯ ದಂಡೆಯಲ್ಲಿ ಕ್ಯಾಥೊಲಿಕ್ ದೊರೆಯನ್ನು ಸೋಲಿಸಿದ. ಆ ಗೆಲುವಿನ ನೆನಪಿಗೆ ಉತ್ತರ ಐರ್ಲೆಂಡಿನ ಪ್ರೊಟೆಸ್ಟೆಂಟರು ಪ್ರತಿವರ್ಷ ಜುಲೈ ೧೨ರಂದು ಕಿತ್ತಳೆ ಬಣ್ಣದ ಪಟ್ಟಿಗಳನ್ನು ಧರಿಸಿ ಮೆರವಣಿಗೆ ಹೊರಡುತ್ತಾರೆ. ಕ್ಯಾಥೊಲಿಕರಿಗೆ ಆ ಬಣ್ಣ ಸೋಲಿನ ನೆನಪು. ಅವರ ಬಣ್ಣ ಹಸಿರು. ಆಮ್ಸ್ಟರ್‌ಡ್ಯಾಮಿನಲ್ಲಿ ತೊಟ್ಟರೆ ನಗೆ ತರುವ ಅಂಗಿ, ಬೆಲ್‌ಫಾಸ್ಟಿನ ಕೆಲವು ಬೀದಿಗಳಲ್ಲಿ ಆ ದಿನ ತೊಟ್ಟರೆ ಪಕ್ಷ ವಹಿಸಿದಂತೆ. ಚರಿತ್ರೆ ಹೆಸರಿನಲ್ಲಿ ಅಡಗಿ ಕುಳಿತಿದ್ದು, ಬಣ್ಣ ಅದರ ಮೇಲಿನ ಹೊದಿಕೆ ಮಾತ್ರವಾಗಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಬಣ್ಣ ಕಾನೂನಿನ ವಿಷಯವಾಗುವ ಸಂದರ್ಭಗಳೂ ಇವೆ. ಬಾರ್ಬಡೋಸ್, ಜಮೈಕಾ ಮೊದಲಾದ ಕೆರಿಬಿಯನ್ ದೇಶಗಳಲ್ಲಿ ಸೈನಿಕರ ಎಲೆಬಣ್ಣದ ಚಿತ್ತಾರದ ಬಟ್ಟೆಯನ್ನು ನಾಗರಿಕರು ತೊಡುವಂತಿಲ್ಲ. ಕ್ರಿಕೆಟ್ ನೋಡಲು ಹೋಗುವ ನಮ್ಮ ತರುಣರ ಪೆಟ್ಟಿಗೆಯಲ್ಲಿ ಅಂಥ ಷರಾಯಿ ಸಾಮಾನ್ಯ.

ಈ ನಿದರ್ಶನಗಳನ್ನು ಒಟ್ಟಿಗೆ ನೋಡಿದಾಗ ಉಡುಪಿನ ಬಣ್ಣ ರಾಜಕೀಯ ಅರ್ಥ ಪಡೆಯಲು ಮೂರು ಸಂಗತಿಗಳು ಕೂಡಬೇಕೆಂದು ಕಾಣುತ್ತದೆ: ಅದನ್ನು ಒಟ್ಟಾಗಿ ತೊಡುವ ಗುಂಪು, ಆ ತೊಡುವಿಕೆಗೊಂದು ದಿನ ಅಥವಾ ಸಂದರ್ಭ, ಎದುರು ಬಣ್ಣ ತೊಟ್ಟ ಮತ್ತೊಂದು ಗುಂಪು. ನಮ್ಮ ರಾಜ್ಯವೂ ಇದಕ್ಕೆ ಹೊರತಲ್ಲ. ಕಾಲೇಜುಗಳಲ್ಲಿ ಹಿಜಾಬ್ ಕುರಿತ ವಿವಾದ ೨೦೨೨ರ ಫೆಬ್ರುವರಿಯಲ್ಲಿ ತೀವ್ರಗೊಂಡಾಗ ಒಂದೆಡೆ ಕೇಸರಿ ಶಾಲುಗಳೂ, ಚಿಕ್ಕಮಗಳೂರಿನಲ್ಲಿ ಅದಕ್ಕೆ ಎದುರಾಗಿ ನೀಲಿ ಶಾಲುಗಳೂ ಕಾಣಿಸಿಕೊಂಡವು. ಮೊದಲು ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಬಟ್ಟೆ ಎದುರಾಳಿ ಸಿಕ್ಕೊಡನೆ ಮಾತಾಡತೊಡಗಿತು. ಪಯಣಿಗನಿಗೆ ಉಪಯುಕ್ತವಾದ ತಿಳಿವಳಿಕೆಯೂ ಇದೇ: ಹೋಗುವ ಊರಿನಲ್ಲಿ ಯಾವ ಬಣ್ಣ ನಿಷಿದ್ಧ ಎಂದು ಕೇಳುವುದಕ್ಕಿಂತ, ಈ ವಾರ ಅಲ್ಲಿ ಯಾರು ಯಾವ ಬಣ್ಣದಲ್ಲಿ ಒಟ್ಟುಗೂಡುತ್ತಿದ್ದಾರೆ, ಯಾರ ಎದುರಿಗೆ ಎಂದು ಕೇಳುವುದು ಹೆಚ್ಚು ಸರಿಯಾದ ಪ್ರಶ್ನೆ.

೪. ಹಸಿರು ಶಾಲಿನ ಪಯಣ

ಕನ್ನಡ ನಾಡಿನ ಒಂದು ಬಣ್ಣವೇ ಹೊರದೇಶಕ್ಕೆ ಪಯಣ ಮಾಡಿದ ಸಂದರ್ಭವೊಂದನ್ನು ಇಲ್ಲಿ ನೆನೆಯಬೇಕು. ನರಗುಂದ–ನವಲಗುಂದದ ರೈತ ಬಂಡಾಯದ ಹಿನ್ನೆಲೆಯಲ್ಲಿ ೧೯೮೦ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. ಹೆಗಲ ಮೇಲಿನ ಹಸಿರು ಶಾಲು ಅದರ ಗುರುತಾಯಿತು. ಸರ್ಕಾರಿ ಕಚೇರಿಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ರೈತ ಆ ಶಾಲು ಹೊದ್ದಾಗ ಸಂಘದ ಸದಸ್ಯನಾಗಿ ಎದೆಯೆತ್ತಿ ಒಳಹೋದ. ಆ ಮೊದಲು ಅವನ ಹೆಗಲ ಮೇಲಿದ್ದುದು ಬೆವರು ಒರೆಸುವ, ಹಿರಿಯರ ಎದುರು ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುವ ಟವಲು ಎಂಬುದನ್ನು ನೆನೆದರೆ ಈ ಬದಲಾವಣೆಯ ಮಹತ್ವ ತಿಳಿಯುತ್ತದೆ.

೧೯೯೯ರ ಮೇ–ಜೂನ್ ತಿಂಗಳುಗಳಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ಮುಂದಾಳುತನದಲ್ಲಿ ನೂರಾರು ಭಾರತೀಯ ರೈತರು ‘ಅಂತರ ಖಂಡ ಜಾಥಾ’ದಲ್ಲಿ ಯುರೋಪಿನ ಹಲವು ದೇಶಗಳನ್ನು ಸುತ್ತಿದರು. ವಿಶ್ವ ವಾಣಿಜ್ಯ ಸಂಸ್ಥೆಯ ನೀತಿಗಳನ್ನೂ ಕುಲಾಂತರಿ ಬೀಜಗಳನ್ನೂ ವಿರೋಧಿಸಿದ ಆ ಜಾಥಾ, ಜರ್ಮನಿಯ ಕಲೋನ್ ನಗರದಲ್ಲಿ ಶ್ರೀಮಂತ ರಾಷ್ಟ್ರಗಳ ನಾಯಕರ ಶೃಂಗಸಭೆಯ ವೇಳೆಗೆ ಮುಗಿಯಿತು. ಅವರಲ್ಲಿ ಕರ್ನಾಟಕದ ರೈತರ ಗುರುತು ಹಸಿರು ಶಾಲು. ಜರ್ಮನಿಯಲ್ಲೂ ಹಸಿರಿಗೆ ರಾಜಕೀಯ ಅರ್ಥವಿತ್ತು: ರೈತ ಸಂಘ ಹುಟ್ಟಿದ ೧೯೮೦ರಲ್ಲೇ ಅಲ್ಲಿ ‘ಹಸಿರು’ ಎಂಬ ಹೆಸರಿನ ಪಕ್ಷ ಹುಟ್ಟಿತ್ತು. ಜಾಥಾ ಕಲೋನ್ ತಲಪುವ ಹೊತ್ತಿಗೆ ಆ ಪಕ್ಷ ಸರ್ಕಾರದ ಪಾಲುದಾರನೂ ಆಗಿತ್ತು.

ಆದರೆ ಎರಡು ಹಸಿರುಗಳು ಒಂದೇ ಅಲ್ಲ. ಜರ್ಮನಿಯ ಹಸಿರು ಕೈಗಾರಿಕೆಯ ಹೊಗೆಯನ್ನೂ ಅಣುಶಕ್ತಿಯನ್ನೂ ಕಂಡು ಬೇಸತ್ತ ನಗರದ ಮಧ್ಯಮ ವರ್ಗದ ಕಾಡಿನ ಹಸಿರು. ರೈತ ಸಂಘದ ಹಸಿರು ಬೆಳೆಗೆ ಬೆಲೆ ಸಿಗದೆ, ಸಾಲ ತೀರಿಸಲಾಗದೆ ಉಳಿದವನ ಹೊಲದ ಹಸಿರು. ಒಂದಕ್ಕೆ ಪ್ರಕೃತಿ ಉಳಿಯಬೇಕು. ಇನ್ನೊಂದಕ್ಕೆ ರೈತ ಉಳಿಯಬೇಕು. ಶಾಲನ್ನು ಕಂಡ ಯುರೋಪಿನ ನೋಟಕನಿಗೆ ಮೊದಲು ಹೊಳೆಯುವುದು ಪರಿಸರವೇ. ಈ ಅರೆ ತಿಳಿವಳಿಕೆ ಹಾನಿಯನ್ನಷ್ಟೇ ಮಾಡುವುದಿಲ್ಲ. ಕುಲಾಂತರಿ ಬೀಜದ ಪ್ರಶ್ನೆಯಲ್ಲಿ ಎರಡು ಹಸಿರುಗಳಿಗೂ ಕೂಡುವ ಜಾಗವಿತ್ತು. ತಪ್ಪಾಗಿ ಓದಿದ ಬಣ್ಣವೂ ಮಾತುಕತೆಗೆ ಬಾಗಿಲಾಗಬಹುದು, ಉಟ್ಟವನಿಗೆ ತನ್ನ ಅರ್ಥವನ್ನು ಹೇಳುವ ಅವಕಾಶ ದೊರೆತರೆ.

ಆ ಶಾಲು ಇಂದಿಗೂ ಬೆಂಗಳೂರಿನ ಹೊರವಲಯದಲ್ಲಿ ಅರ್ಥ ಕಳೆದುಕೊಂಡಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗಾಗಿ ೧,೭೭೭ ಎಕರೆ ಭೂಮಿ ವಶಪಡಿಸಿಕೊಳ್ಳುವ ಪ್ರಸ್ತಾವವನ್ನು ರೈತರು ವರ್ಷಗಟ್ಟಲೆ ವಿರೋಧಿಸಿದರು. ೨೦೨೫ರ ಜುಲೈ ೧೫ರಂದು ಸರ್ಕಾರ ಅದನ್ನು ಕೈಬಿಟ್ಟಿತು. ಕೈಗಾರಿಕಾ ಪ್ರದೇಶಗಳು ಎದ್ದ ನೆಲದ ಹಳೆಯ ಬಣ್ಣ ಯಾವುದೆಂಬುದನ್ನು ಹೆಗಲ ಮೇಲಿನ ಆ ಹಸಿರು ನೆನಪಿಸುತ್ತದೆ.

೫. ಕೆಲಸದ ಬಣ್ಣ

ರಾಜಕೀಯವೆಂದರೆ ಪಕ್ಷ ರಾಜಕಾರಣವಷ್ಟೇ ಅಲ್ಲ. ದುಡಿಮೆಗೂ ಬಣ್ಣವಿದೆ. ಬೆಂಗಳೂರಿನ ಆಟೋ ಚಾಲಕರು, ಪೊಲೀಸರು ತೊಡುವ ಖಾಕಿ, ‘ಧೂಳಿನ ಬಣ್ಣದ್ದು’ ಎಂಬ ಅರ್ಥದ ಮಾತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆ ಖಾಕಿ ಬಟ್ಟೆಗೆ ಹೆಸರಾಗಿತ್ತು. ವಸಾಹತು ಸೈನ್ಯದ ಉಡುಪಾಗಿ ಅದು ಭಾರತೀಯ ಸಿಪಾಯಿಗಳ ಮೈಮೇಲೆ ಮೊದಲ ಮಹಾಯುದ್ಧದ ರಣರಂಗಗಳವರೆಗೂ ಹೋಯಿತು. ತಮ್ಮ ನೆಲದ ಧೂಳಿನ ಬಣ್ಣವನ್ನು ತೊಟ್ಟು ಪರರ ಯುದ್ಧದಲ್ಲಿ ಸತ್ತವರನ್ನೂ ನಾವು ಪಯಣಿಗರೆಂದೇ ಎಣಿಸಬೇಕು.

ಇಂದು ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಬೆಸುಗೆ, ತಿರುಗಣೆಯ ಕೆಲಸ ಕಲಿತವನು ಕೊಲ್ಲಿ ರಾಷ್ಟ್ರಕ್ಕೆ ಹೋದಾಗ ಕಂಪೆನಿ ಕೊಟ್ಟ ನೀಲಿಯೋ ಕಿತ್ತಳೆಯೋ ಬಣ್ಣದ ಇಡೀ ಮೈಯ ಉಡುಪು ತೊಡುತ್ತಾನೆ. ಅಲ್ಲಿನ ನಾಗರಿಕ ಪುರುಷನ ಉಡುಪು ಬಿಳಿಯ ನಿಲುವಂಗಿ. ದೂರದಿಂದಲೇ ಯಾರು ನಾಗರಿಕ, ಯಾರು ದುಡಿಯಲು ಬಂದವನು ಎಂಬುದು ತಿಳಿಯುತ್ತದೆ. ಇಲ್ಲಿ ಬಣ್ಣದ ಆಯ್ಕೆ ಉಟ್ಟವನದಲ್ಲ. ಸಾಫ್ಟ್‌ವೇರ್ ಉದ್ಯೋಗಿ ಯಾವ ಅಂಗಿ ಕೊಂಡೊಯ್ಯಲಿ ಎಂದು ಯೋಚಿಸಬಹುದು. ಬೆಸುಗೆಯವನಿಗೆ ಆ ಯೋಚನೆಯ ಅವಕಾಶವೇ ಇಲ್ಲ. ಬಣ್ಣದ ಸಂಕೇತವನ್ನು ಚರ್ಚಿಸುವಾಗ ಆಯ್ಕೆಯ ಅಧಿಕಾರ ಯಾರದು ಎಂಬ ಪ್ರಶ್ನೆಯನ್ನು ಬಿಟ್ಟರೆ ಚರ್ಚೆ ಅರ್ಧವಾಗುತ್ತದೆ.

ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಗಳ ಹೆಣ್ಣುಮಕ್ಕಳ ಸ್ಥಿತಿ ಇನ್ನೊಂದು ಬಗೆಯದು. ಅವರು ಹೊಲಿದ ಬಟ್ಟೆ ಸಮುದ್ರ ದಾಟುತ್ತದೆ, ಅವರು ದಾಟುವುದಿಲ್ಲ. ರಫ್ತು ಉದ್ಯಮದಲ್ಲಿ ಬಣ್ಣವನ್ನು ಗುರುತಿಸುವುದು ಪ್ಯಾಂಟೋನ್ ಮೊದಲಾದ ಪಟ್ಟಿಗಳ ಸಂಖ್ಯೆಯಿಂದ. ಅರಿಶಿನವೂ ಅಲ್ಲದ, ಕೇಸರಿಯೂ ಅಲ್ಲದ, ಬರಿಯ ಸಂಖ್ಯೆಯಾದ ಬಣ್ಣ ಯಾವ ನಾಡಿಗೂ ಸೇರಿದ್ದಲ್ಲ. ತೊಡುವ ನಾಡಿನಲ್ಲಿಯೇ ಅದಕ್ಕೆ ಮತ್ತೆ ಹೆಸರೂ ಅರ್ಥವೂ ಬರುತ್ತವೆ.

೬. ನಮ್ಮಲ್ಲಿಗೆ ಬಂದ ಪಯಣಿಗರು

ಇಲ್ಲಿಯವರೆಗೆ ಹೊರಹೋದವರ ಮಾತಾಯಿತು. ವೈಟ್‌ಫೀಲ್ಡ್ ಎಂಬ ಹೆಸರಿನಲ್ಲಿರುವ ‘ವೈಟ್’ ಬಣ್ಣವಲ್ಲ; ೧೮೮೨ರಲ್ಲಿ ಆಂಗ್ಲೋ ಇಂಡಿಯನ್ನರ ನೆಲೆಯಾಗಿ ಅದನ್ನು ಕಲ್ಪಿಸಿದ ಡಿ. ಎಸ್. ವೈಟ್ ಎಂಬುವರ ಹೆಸರು. ಒಂದು ಕಾಲಕ್ಕೆ ಅಲ್ಲಿಗೆ ಸಮೀಪದ ಕಾಡುಗೋಡಿಯ ಸತ್ಯಸಾಯಿ ಆಶ್ರಮಕ್ಕೆ ಬರುತ್ತಿದ್ದ ವಿದೇಶಿ ಭಕ್ತರು ಬಿಳಿಯುಡುಗೆಯಲ್ಲಿರುತ್ತಿದ್ದರು. ಸುತ್ತಲಿನ ಹಳ್ಳಿಗರು ಆ ಬಿಳಿಯನ್ನು ಭಕ್ತಿಯೆಂದೇ ಓದಿದರು. ವಿಧವೆಯ ಬಿಳಿ ಎಂದೋ ರಾಜಕಾರಣಿಯ ಬಿಳಿ ಎಂದೋ ಓದಲಿಲ್ಲ. ಪರಿಚಯ ಇದ್ದ ಕಡೆ ಓದು ಸರಿಯಾಗಿರುತ್ತದೆ.

ಪರಿಚಯವಿಲ್ಲದ ಕಡೆ ಏನಾಗುತ್ತದೆ? ಮ. ರಾಮಮೂರ್ತಿಯವರು ೧೯೬೦ರ ದಶಕದಲ್ಲಿ ರೂಪಿಸಿದ ಕನ್ನಡ ಬಾವುಟದ ಎರಡು ಬಣ್ಣಗಳನ್ನು ನಾವು ಹಳದಿ–ಕೆಂಪು ಎಂದು ಕರೆದರೂ ಮನಸ್ಸಿನಲ್ಲಿ ಓದುವುದು ಅರಿಶಿನ–ಕುಂಕುಮ ಎಂದು. ಮನೆಗೆ ಬಂದವರಿಗೆ ಕೊಡುವ ಮರ್ಯಾದೆ ಅದು. ನವೆಂಬರ್ ೧ರಂದು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲೂ ಪೀಣ್ಯದ ಕಾರ್ಖಾನೆಗಳ ಬಾಗಿಲುಗಳಲ್ಲೂ ಈ ಬಣ್ಣದ ಶಾಲುಗಳು ಕಾಣುತ್ತವೆ. ಬಿಹಾರ, ಒಡಿಶಾ, ಅಸ್ಸಾಂಗಳಿಂದ ಬಂದು ಅಲ್ಲಿ ದುಡಿಯುವವರಿಗೆ ಕಾಣುವುದು ಎರಡು ಬಣ್ಣ, ಒಂದು ಗುಂಪು, ಒಂದು ದಿನ. ಮೇಲೆ ಹೇಳಿದ ಮೂರು ಸಂಗತಿಗಳಲ್ಲಿ ಎರಡು ಆಗಲೇ ಕೂಡಿವೆ. ಮೂರನೆಯದಾದ ಎದುರು ಗುಂಪು ತಾನೇ ಇರಬಹುದೆ ಎಂಬ ಅಳುಕು ಅವರಲ್ಲಿ ಹುಟ್ಟಿದರೆ ಅಚ್ಚರಿಯಿಲ್ಲ. ಅರಿಶಿನ–ಕುಂಕುಮವೆಂಬ ಹೆಸರನ್ನು ಅವರಿಗೆ ಯಾರೂ ಹೇಳಿಲ್ಲ. ಶಾಲು ಹೊದೆಯಲು ಹಿಂಜರಿದವನನ್ನು ನಾವು ಕನ್ನಡ ವಿರೋಧಿ ಎಂದು ಓದುತ್ತೇವೆ; ಅವನು ಬಹುಶಃ ಬೆಲ್‌ಫಾಸ್ಟಿನ ಬೀದಿಯಲ್ಲಿ ನಮ್ಮವನೊಬ್ಬ ನಿಂತಂತೆ ನಿಂತಿದ್ದಾನೆ.

ಅದೇ ದಿನ ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಕಪ್ಪು ಬಣ್ಣದಲ್ಲಿ ಕರಾಳ ದಿನ ಆಚರಿಸುತ್ತ ಬಂದಿರುವುದು ಸರ್ವವಿದಿತ. ಅಲ್ಲಿ ಮೂರೂ ಸಂಗತಿಗಳು ಪೂರ್ಣವಾಗಿವೆ; ಬಣ್ಣ ಅಲ್ಲಿ ನಿಜವಾಗಿಯೂ ವಾದ ಮಾಡುತ್ತಿದೆ. ಬೆಳಗಾವಿಯ ಕಪ್ಪನ್ನೂ ಪೀಣ್ಯದ ಹಿಂಜರಿಕೆಯನ್ನೂ ಒಂದೇ ಎಂದು ಎಣಿಸುವುದು ವಾದಿಯನ್ನೂ ಅಪರಿಚಿತನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತೆ.

೭. ಉಪಸಂಹಾರ

ಉಡುಪಿನ ಬಣ್ಣಕ್ಕೆ ಸಹಜವಾದ, ಎಲ್ಲೆಡೆ ಸಲ್ಲುವ ಅರ್ಥವಿಲ್ಲ. ಹೆಸರು, ಚರಿತ್ರೆ, ಗುಂಪು, ದಿನ, ಎದುರಾಳಿ – ಇವುಗಳಿಂದ ಅರ್ಥ ಕೂಡಿಬರುತ್ತದೆ. ಹೊರದೇಶಕ್ಕೆ ಹೋಗುವ ನಮ್ಮವರು ಇದನ್ನು ಅರಿತು ನಡೆಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಅವರು ಅರಿಯದೆ ಎಡವಿದಾಗ ಅಲ್ಲಿನವರು ಅದನ್ನು ಅಪರಿಚಯವೆಂದು ತಿಳಿಯಲಿ, ಅಪರಾಧವೆಂದು ತಿಳಿಯದಿರಲಿ ಎಂದು ನಾವು ಬಯಸುತ್ತೇವೆ. ಆ ರಿಯಾಯಿತಿಯನ್ನು ನಮ್ಮಲ್ಲಿಗೆ ಬಂದವರಿಗೂ ಕೊಡಬೇಕಾದ ಹೊಣೆ ನಮ್ಮದು. ಶಾಲು ಹೊದಿಸುವ ಮೊದಲು ಅದರ ಹೆಸರನ್ನು ಹೇಳಿಕೊಡುವುದು ಈ ಹೊಣೆಯ ಮೊದಲ ಹೆಜ್ಜೆ. ಅದು ಕನ್ನಡ ಕಲಿಸುವ ಕೆಲಸವೇ ಆಗಿರುವುದರಿಂದ ಕನ್ನಡ ವಿಭಾಗಗಳು, ಕಾರ್ಖಾನೆ–ಕಚೇರಿಗಳ ಕನ್ನಡ ಸಂಘಗಳು ಇದನ್ನು ತಮ್ಮ ಕಲಿಕೆಯ ಪಾಠಗಳಲ್ಲಿ ಸೇರಿಸಿಕೊಳ್ಳುವುದು ಉಚಿತ.